ಹಕ್ಕಿಗಿಟ್ಟ ನೀರು

ಗೆಳೆಯರೇ, ಹೋದ ವಾರ ತೆಂಗಿನ ಚಿಪ್ಪಿನಲ್ಲಿ ಹಕ್ಕಿಗಳಿಗೆ ನೀರಿಟ್ಟು ಫೋಟೊ ಹಾಕಿದ್ದೆನಲ್ಲ?

ಇವತ್ತು ಡೆಂಗಿ ತಪಾಸಣೆಗೆಂದು ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದರು. ಬೇಲಿಯಾಚೆ ಪಕ್ಕದ ಮನೆಯ ರಂಗಜ್ಜ ಗುಡ್ಡೆ ಹಾಕಿದ್ದ ಕೊಬ್ಬರಿ ಚಿಪ್ಪುಗಳನ್ನು ತೋರಿಸಿ, "ಸೊಳ್ಳೆ ಹುಟ್ಟೋದೇ ಅಲ್ಲಿ, ಮೊದಲು ಅದನ್ನ ನೋಡಿ" ಎಂದೆ. ಹೋಗಿ ನೋಡಿದರೆ ರಂಗಜ್ಜ ಒಂದೊಂದನ್ನೂ ಬೋರಲು ಹಾಕಿದ್ದ, ತೊಟ್ಟು ನೀರಿಲ್ಲ. ಆಕೆ ವಾಪಸ್ ಬಂದು ನನ್ನ ಚಿಪ್ಪಿಗೆ ಟಾರ್ಚ್ ಬಿಟ್ಟರು. ಒಳಗೆ ಹುಳಗಳು ಕುಣಿಯುತ್ತಿದ್ದವು.

"ಸಾರ್, ಇದು ಹಕ್ಕಿಗೆ ನೀರಲ್ಲ, ಸೊಳ್ಳೆಗೆ ಬಾಣಂತನ ಕಣ್ರೀ! ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕ್ಬೇಕು."

ಬೇಲಿಯಾಚೆಯಿಂದ ರಂಗಜ್ಜ, "ಬುಡವ್ವ, ಅವ್ನು ಇಟ್ಟಿರದು ಫೋಟೊಗೆ, ಹಕ್ಕಿಗಲ್ಲ" ಎಂದ.

ನೀರು ಚೆಲ್ಲಿದೆ. ಆ ಫೋಟೊಗೆ ಲೈಕ್ ಒತ್ತಿದವರಲ್ಲಿ ಸೊಳ್ಳೆಗಳೆಷ್ಟು ಮಂದಿಯೋ ಕಾಣೆ.