ಟ್ಯಾಂಕಿಗೆ ಕಿವಿಗೊಡುವ ಲಿಂಗಪ್ಪ

ನನ್ನ ಗಂಡ ಲಿಂಗಪ್ಪ ಸಾಧು ಮನುಷ್ಯ ಎಂದು ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯೆಲ್ಲ ಹೊಗಳುತ್ತದೆ. ಶಾಂತವ್ವನನ್ನು, ಅಂದರೆ ನನ್ನನ್ನು, ಯಾರೂ ಹಾಗೆ ಹೊಗಳಿಲ್ಲ. ಹೊಗಳುವುದೂ ಬೇಡ. ಎದುರಿನ ಗ್ಯಾರೇಜಿನ ಮಾಲೀಕ ಉದಯಕುಮಾರನ ಮುಖ ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅವನು ಹಾಳಾಗಿ ಹೋಗಲಿ ಎಂದು ದೀಪ ಹಚ್ಚುವಾಗ ದಿನವೂ ಬೇಡಿಕೊಂಡವಳು ನಾನು. ಮುಚ್ಚಿಡುವುದೇನಿದೆ?

ರೋಣದ ಕಡೆಯಿಂದ ಬಂದ ನಮ್ಮ ಮನೆಯವರು ಹದಿನೈದು ವರ್ಷ ಆ ಗ್ಯಾರೇಜಿನಲ್ಲೇ ದುಡಿದರು. ಸ್ಟಾರ್ಟ್ ಆಗದ ಕಾರು ಬಂದರೆ ಬೇರೆಯವರು ಬಾನೆಟ್ ಎತ್ತುತ್ತಾರೆ. ಇವರು ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆಗೆದು ಕಿವಿ ಇಡುತ್ತಾರೆ. ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್ ಅನ್ನಬೇಕಂತೆ. ಗುಂಯ್ ಅಂದರೆ ಪಂಪು ಜೀವಂತ, ತೊಂದರೆ ಮುಂದೆಲ್ಲೋ ಇದೆ. ಅನ್ನದಿದ್ದರೆ ಫ್ಯೂಸು, ರಿಲೇ, ಸ್ವಿಚ್ಚು ಎಲ್ಲ ನೋಡಿದ ಮೇಲೇ ಪಂಪಿನ ಮೇಲೆ ಗುಮಾನಿ ಪಡಬೇಕು. ಉಣ್ಣುವಾಗ ಇದನ್ನೇ ಕೇಳಿ ಕೇಳಿ ನನಗೂ ಅರ್ಧ ವಿದ್ಯೆ ಬಂದಿದೆ.

ಮೂರು ವರ್ಷದ ಹಿಂದೆ ಉದಯಕುಮಾರ ಒಬ್ಬ ಗಿರಾಕಿಗೆ ಹಳೆಯ ಪಂಪನ್ನೇ ತೊಳೆದು ಹಾಕಿ ಹೊಸದು ಎಂದು ಹೇಳಿದ. ಗಿರಾಕಿ ಹಿಡಿದುಬಿಟ್ಟ. ಸಿಕ್ಕಿಬಿದ್ದ ಈ ಪುಣ್ಯಾತ್ಮ ಏನು ಮಾಡಬೇಕು? ರಸ್ತೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಹೊಸ ಪಂಪ್ ಲಿಂಗಪ್ಪ ಕದ್ದಿದ್ದಾನೆ ಸಾರ್" ಎಂದ! ಆಮೇಲೆ ವಿಜಯನಗರದಿಂದ ಮಹಾಲಕ್ಷ್ಮಿ ಲೇಔಟಿನವರೆಗೆ ಒಂದು ಗ್ಯಾರೇಜಿನವರೂ ಇವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾಡಿಗೆ ಮನೆಯ ಗೇಟಿನ ಮುಂದೆ ಕೂತು ಸ್ಕೂಟರುಗಳ ಕಾರ್ಬ್ಯುರೇಟರ್ ತೊಳೆಯುವುದೇ ಇವರ ಕೆಲಸವಾಯಿತು. ಒಂದು ದಿನವೂ ಬಾಯಿ ಬಿಡಲಿಲ್ಲ. ನನಗೆ ಅದಕ್ಕೇ ಹೆಚ್ಚು ಸಿಟ್ಟು.

ಈ ಸಲದ ಆಯುಧಪೂಜೆಯ ದಿನ ಹನ್ನೊಂದೂವರೆಗೆ ಉದಯಕುಮಾರ ನಮ್ಮ ಗೇಟಿಗೆ ಬಂದ. ಹೊಸದಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರನ್ನು ಗಿರಾಕಿಗಳೆದುರು ನಿಂಬೆಹಣ್ಣಿನ ಮೇಲೆ ಹತ್ತಿಸಬೇಕು. ಅದು ಸ್ಟಾರ್ಟ್ ಆಗುತ್ತಿಲ್ಲ. ಪಂಪು ಹೋಗಿದೆ ಎಂದು ಅವನೇ ತೀರ್ಮಾನಿಸಿದ್ದ. ಹಬ್ಬಕ್ಕೆ ಬಿಡಿಭಾಗದ ಅಂಗಡಿಗಳೆಲ್ಲ ಮುಚ್ಚಿದ್ದವು. ಹನ್ನೆರಡಕ್ಕೆ ರಾಹುಕಾಲ.

"ಲಿಂಗಪ್ಪ, ಒಂಚೂರು ಬಂದ್ ನೋಡಪ್ಪ. ಮಾನ ಹೋಗ್ತಾ ಇದೆ" ಎಂದ.

ಮಾನವಂತೆ! ನಮ್ಮ ಮನೆಯವರು ಚಪ್ಪಲಿ ಹಾಕಿಕೊಂಡೇಬಿಟ್ಟರು. ಒಬ್ಬರನ್ನೇ ಕಳಿಸಿದರೆ ಕೆಲಸ ಮುಗಿಸಿ, ಕಾಫಿ ಕುಡಿದು, ನಮಸ್ಕಾರ ಹೇಳಿ ಬರುವ ಆಸಾಮಿ ಇವರು. ನಾನೂ ಬೆನ್ನಿಗೇ ಹೊರಟೆ.

ಇವರು ಮುಚ್ಚಳ ತೆಗೆದು ಕಿವಿ ಇಟ್ಟು, ಕೀ ತಿರುಗಿಸಲು ಹೇಳಿದರು. ಸದ್ದಿಲ್ಲ. ಫ್ಯೂಸು ನೋಡಿದರು, ರಿಲೇ ನೋಡಿದರು, ಎರಡೂ ಸರಿಯಿದ್ದವು. ಆಮೇಲೆ ಎಡಗಡೆಯ ಬಾಗಿಲು ತೆಗೆದರೆ ಕಾಲಿಡುವ ಜಾಗದಲ್ಲಿ ದೃಷ್ಟಿ ತೆಗೆಯುವ ಬೂದುಗುಂಬಳಕಾಯಿ ಬಿದ್ದಿತ್ತು. ಎಂಟು ಕೆಜಿಗೆ ಕಡಿಮೆಯಿಲ್ಲ.

"ಇದನ್ನ ಯಾರ್ ಇಟ್ಟಾರ್ರಿ?"

"ನಾನೇ ಎತ್ತಿ ಹಾಕ್ದೆ, ಕಾರ್ ತೊಳೆದ್ಮೇಲೆ. ಏನೀಗ?"

ಇವರು ಕಾಯಿ ಪಕ್ಕಕ್ಕಿಟ್ಟು ಮ್ಯಾಟಿನ ಹಿಂದೆ ಕೈ ತೂರಿಸಿದರು. ನನ್ನತ್ತ ನೋಡಿದರು. ನನಗೆ ಅರ್ಥವಾಯಿತು. ಅಪಘಾತವಾದಾಗ ಬೆಂಕಿ ಹತ್ತದಿರಲೆಂದು, ಜೋರಾಗಿ ಏಟು ಬಿದ್ದರೆ ಪಂಪು ನಿಲ್ಲಿಸುವ ಸ್ವಿಚ್ಚೊಂದು ಕೆಲವು ಕಾರುಗಳಲ್ಲಿ ಅಲ್ಲಿರುತ್ತದೆ. ಕುಂಬಳಕಾಯಿಯ ಗುದ್ದಿಗೆ ಅದರ ಗುಂಡಿ ಮೇಲೆದ್ದಿದೆ. ಒತ್ತಿದರೆ ಮುಗಿಯಿತು.

ನಾನು ಇವರ ತೋಳು ಹಿಡಿದೆ. "ತಡೀರಿ. ಉದಯಕುಮಾರ ಸಾಹೇಬ್ರ, ನನ್ನ ಗಂಡ ಏನ್ ಕದ್ದಿದ್ದ, ಮೊದ್ಲು ಅದನ್ನ ಹೇಳ್ರಿ."

"ಹಬ್ಬದ ಟೈಮಲ್ಲಿ ಅದೆಲ್ಲಾ ಯಾಕಮ್ಮ? ಆಮೇಲೆ ಒಳಗೆ ಕೂತ್ಕೊಂಡು ಮಾತಾಡೋಣ."

"ಹೊರಗ ಅಂದೀರಿ, ಹೊರಗ ಹೇಳ್ರಿ."

ಅವನು ಗಡಿಯಾರ ನೋಡಿದ, ಹಾರ ಹಾಕಿದ ಕಾರು ನೋಡಿದ, ಗಿರಾಕಿಗಳನ್ನು ನೋಡಿದ. ಹನ್ನೆರಡಕ್ಕೆ ಏಳು ನಿಮಿಷ ಬಾಕಿ.

"ಲಿಂಗಪ್ಪ ಏನೂ ಕದ್ದಿಲ್ಲ" ಎಂದು ಗೊಣಗಿದ.

"ಕೇಳಲಿಲ್ರಿ!"

"ಕದ್ದಿಲ್ಲ! ಹೊಸ ಪಂಪ್ ಇರ್ಲೇ ಇಲ್ಲ. ಹಳೇದನ್ನ ತೊಳೆದು ಹಾಕಿದ್ದು ನಾನೇ. ಸಾಕಾ?"

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಬ್ಬಾ, ನನ್ನ ಎದೆ ಎಷ್ಟು ತಣ್ಣಗಾಯಿತೆಂದು ಹೇಗೆ ಹೇಳಲಿ! ಇವರ ತೋಳು ಬಿಟ್ಟೆ. ಇನ್ನು ಒತ್ತಲಿ ಬಿಡು ಎಂದುಕೊಂಡೆ.

ಇವರು ಒತ್ತಲಿಲ್ಲ. ಕೈ ಹೊರಗೆ ತೆಗೆದು, ಲುಂಗಿಗೆ ಒರೆಸಿಕೊಂಡು ಎದ್ದು ನಿಂತರು.

"ಪಂಪ್ ಚಲೋ ಐತ್ರಿ. ತೊಂದ್ರಿ ಎಲ್ಲೈತಿ ನೀವ ಹುಡುಕ್ರಿ" ಎಂದು ಹೇಳಿ ಮನೆಯ ಕಡೆ ನಡೆದೇಬಿಟ್ಟರು. ಉದಯಕುಮಾರ ಹಿಂದಿನಿಂದ ಕೂಗಿದ, ಬೈದ, ಕೊನೆಗೆ ಅಂಗಲಾಚಿದ. ಇವರು ತಿರುಗಲಿಲ್ಲ.

ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ. "ಅಂವ ಹೇಳಿದ್ನಲ್ರಿ, ಮತ್ಯಾಕ ಒತ್ತಲಿಲ್ಲ?"

"ಅಂವ ಹೇಳಿದ್ದು ಗಾಡಿ ಸಲುವಾಗಿ" ಎಂದರು. "ನನ್ನ ಸಲುವಾಗಿ ಹೇಳಾಕ ಮೂರ್ ವರ್ಷ ಇತ್ತು."

ಇಷ್ಟು ದಿನ ಸಿಟ್ಟೆಲ್ಲ ನನ್ನೊಬ್ಬಳದೇ ಎಂದು ತಿಳಿದಿದ್ದೆನಲ್ಲ, ಎಂಥ ದಡ್ಡಿ ನಾನು! ಊಟಕ್ಕೆ ಕೂರಿಸಿ ಹೋಳಿಗೆ ಬಡಿಸಿದೆ. ಹನ್ನೆರಡೂಕಾಲಿಗೆ, ರಾಹುಕಾಲದಲ್ಲೇ, ನಾಲ್ಕು ಜನ ಹೋ ಎಂದು ಕಾರು ತಳ್ಳುವ ಸದ್ದು ಕೇಳಿತು. ನಾನು ಎದ್ದು ಹೋಗಿ ರಸ್ತೆ ಕಡೆಯ ಎರಡೂ ಕಿಟಕಿ ತೆರೆದು ಬಂದೆ. ಇವರು ಇನ್ನೊಂದು ಹೋಳಿಗೆ ಹಾಕು ಎಂದರು.