ಎತ್ತದೆ ಬಿಟ್ಟ ಕಸ

ಕಡಲ ದಂಡೆಯಲ್ಲಿ ಕೆಂಪು ಬಣ್ಣ ಬಳಿದ ಎರಡು ಕಬ್ಬಿಣದ ಕಂಬಗಳಿವೆ. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ನೂರು ಮೀಟರು. ಅಷ್ಟರೊಳಗೆ ಸಮುದ್ರ ತಂದು ಕಾರುವ ಕಸವನ್ನೆಲ್ಲ ಮೂರು ತಿಂಗಳಿಗೊಮ್ಮೆ ಎಣಿಸಿ ಬರೆದುಕೊಡುವುದು ಅವನ ಕೆಲಸ. ಜನ ಅವನನ್ನು ಲೆಕ್ಕದಣ್ಣ ಅಂತ ಕರೆಯುತ್ತಿದ್ದರು. ಗೇಲಿಗೆ ಇಟ್ಟದ್ದು, ಅಂಟಿಕೊಂಡುಬಿಟ್ಟಿತು.

ಅದಕ್ಕೂ ಮೊದಲು ಅವನು ದೋಣಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಇಪ್ಪತ್ತೆಂಟು ವರ್ಷ ಕುಕ್ಕರಗಾಲಲ್ಲಿ ಕೂತು ದೋಣಿಯ ಹೊಟ್ಟೆ ಉಜ್ಜಿದ್ದಕ್ಕೆ ಮೊಣಕಾಲು ಕೈಕೊಟ್ಟಿತು. ಸಮುದ್ರ ಉಳಿಸುವುದೇ ದೇಶದ ಮೊದಲ ಕೆಲಸ ಅಂತ ಸರಕಾರ ಹೇಳಿದ ವರ್ಷ, ತೀರದುದ್ದಕ್ಕೂ ಇಂಥ ಕಂಬಗಳನ್ನು ನೆಟ್ಟು, ಎಣಿಸಲು ಆಯಾ ಜಾಗದವರೇ ಬೇಕು ಅಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಅಂಕಿಯಲ್ಲಿ ಅವನು ಗಟ್ಟಿ. ಕೆಲಸ ಸಿಕ್ಕಿತು.

ಎಣಿಸುವ ದಿನ ನೇಗಿಲು ಹೊಡೆದ ಹಾಗೆ ಆ ಕಂಬದಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಕಂಬಕ್ಕೆ ನಡೆಯಬೇಕು. ಬಾಟಲಿ, ಮುಚ್ಚಳ, ಹಗ್ಗದ ತುಂಡು, ಬಲೆಯ ಚೂರು, ಚಪ್ಪಲಿ, ಥರ್ಮಾಕೋಲು, ಪ್ರತಿಯೊಂದಕ್ಕೂ ಫಾರಮ್ಮಿನಲ್ಲಿ ಒಂದೊಂದು ಮನೆ. ಕಡೆಯ ಮನೆ ಷರಾ, ಬೇರೆ ಏನಾದರೂ ಹೇಳಬೇಕಿದ್ದರೆ ಬರೆಯಲು. ಅದನ್ನು ಅವನು ಯಾವತ್ತೂ ಖಾಲಿ ಬಿಡುತ್ತಿದ್ದ. ಎಣಿಸಿದ್ದನ್ನು ಚೀಲಕ್ಕೆ ತುಂಬಿ ಒಪ್ಪಿಸಿದರೆ ಮುಗಿಯಿತು. ನಿಯಮ ಒಂದೇ. ಒಂದು ಎಣಿಕೆಯಿಂದ ಇನ್ನೊಂದರವರೆಗೆ ಕಂಬಗಳ ನಡುವೆ ಒಂದು ಕಡ್ಡಿಯನ್ನೂ ಮುಟ್ಟಬಾರದು. ಕಂಬ ನೆಟ್ಟ ದಿನವೇ ಆಫೀಸಿನ ಮೇಡಂ ಅದನ್ನು ಎರಡು ಸಲ ಹೇಳಿದ್ದರು. ಅವನು ಎರಡು ಸಲ ಹೂಂಗುಟ್ಟಿದ್ದ.

ಆದರೆ ಆ ದಂಡೆ ಅವನ ಮನೆಯ ಹಿತ್ತಿಲಿಗೆ ತಾಗಿಕೊಂಡಿತ್ತು. ಅವನ ಹೆಂಡತಿ ಐಸ್ ಫ್ಯಾಕ್ಟರಿಯಲ್ಲಿ ಮೀನು ವಿಂಗಡಿಸುತ್ತಿದ್ದವಳು, ಕೆಲಸಕ್ಕೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಅಲ್ಲಿ ಕಸ ಹೆಕ್ಕುತ್ತಿದ್ದಳು. ಸಂಬಳವಿಲ್ಲ, ಸನ್ಮಾನವಿಲ್ಲ. ಕೇಳಿದರೆ, ಹಿತ್ತಿಲಲ್ಲಿ ಕಸ ಬಿದ್ದಿದ್ದರೆ ನಿಮ್ಮನೇಲಿ ನೋಡ್ಕೊಂಡು ಕೂರ್ತಾರಾ ಅಂತ ತಿರುಗಿಸುತ್ತಿದ್ದಳು. ಸಿಕ್ಕ ಚಪ್ಪಲಿಗಳನ್ನು ಮಾತ್ರ ಎಸೆಯದೆ ಹಿತ್ತಿಲ ಗೋಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಅಲೆಯ ಓಟವೋ ಏನೋ, ಅಲ್ಲಿಗೆ ಬರುತ್ತಿದ್ದುದೆಲ್ಲ ಹೆಚ್ಚುಕಮ್ಮಿ ಎಡಗಾಲಿನವೇ. ಬಲಗಾಲಿನದೂ ಬರಲಿ, ನಿಮಗೊಂದು ಜೊತೆ ಖಾಯಂ ಎಂದು ನಗುತ್ತಿದ್ದಳು. ಎಂಟೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಕಂಬ ನೆಡುವ ಹಿಂದಿನ ವರ್ಷದ ಮಾತು.

ಒಂಬತ್ತನೇ ದಿನದ ಬೆಳಿಗ್ಗೆ ಮನೆಯಲ್ಲಿ ಕೂರಲಾರದೆ ಅವನು ಆ ಬುಟ್ಟಿ ಎತ್ತಿಕೊಂಡು ಹೊರಟ. ಮತ್ತೆ ಬಿಡಲಿಲ್ಲ. ಹೆಕ್ಕುತ್ತಾ ಅವಳ ಜೊತೆ ಮಾತಾಡುತ್ತಿದ್ದ. ಅಕ್ಕ ಕಳಿಸಿದ ಸಾರಿಗೆ ಉಪ್ಪು ಜಾಸ್ತಿ ಅಂತಲೋ, ಮಾಡಿನ ಹೆಂಚು ಜಾರಿದೆ ಅಂತಲೋ. ಕಂಬ ಬಂದ ಮೇಲೂ ಅದು ನಿಲ್ಲಲಿಲ್ಲ. ನಿಯಮ ಮುರಿಯುತ್ತಿದ್ದೇನೆ ಅಂತ ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಎಣಿಸುವುದು ಆಫೀಸಿನ ಕೆಲಸ, ಹೆಕ್ಕುವುದು ಮನೆಗೆಲಸ, ಎರಡಕ್ಕೂ ಏನು ಸಂಬಂಧ? ಎಣಿಕೆಯ ದಿನ ಎಷ್ಟಿದೆಯೋ ಅಷ್ಟನ್ನೇ ಬರೆಯುತ್ತಿದ್ದ. ಒಂದು ಮುಚ್ಚಳವನ್ನೂ ಹೆಚ್ಚಿಸಿದವನಲ್ಲ, ಕಮ್ಮಿ ಮಾಡಿದವನಲ್ಲ.

ಮೂರು ವರ್ಷ ಹೀಗೇ ಹೋಯಿತು. ಒಂದು ದಿನ ಫಾರಂ ಕೊಡಲು ಆಫೀಸಿಗೆ ಹೋದಾಗ ಮೇಡಂ ಗೋಡೆಯ ನಕ್ಷೆ ತೋರಿಸಿದರು. ಇಡೀ ತೀರಕ್ಕೆ ಕೆಂಪು, ಹಳದಿ ಚುಕ್ಕೆಗಳು. ಅವನ ದಂಡೆಗೆ ಮಾತ್ರ ಹಸಿರು. ಅವರು ಕುರ್ಚಿ ಎಳೆದು ಕೂರಿಸಿ, ನಿಮ್ಮದೇ ಎಲ್ಲಕ್ಕಿಂತ ಕ್ಲೀನ್ ಅಂತ ಹೊಗಳಿದರು. ಅವನ ಎದೆ ಒಂದು ಗೇಣು ಉಬ್ಬಿತು. ಆಮೇಲೆ ಅವರೇ ಮಾತಿಗೆ ಮಾತು ಸೇರಿಸಿದರು: ಕಸ ಕಡಲಿಗೆ ಇಳಿಯದ ಹಾಗೆ ನದಿ ಬಾಯಿಗಳಿಗೆ ತೇಲುವ ಬೇಲಿ ಹಾಕುತ್ತಾರಂತೆ, ಈ ಜಿಲ್ಲೆಗೆ ಬಂದಿರುವುದು ಐದು, ನಾಲ್ಕು ಆಗಲೇ ಹಂಚಿಹೋಗಿವೆ. ಐದನೆಯದು ಎಲ್ಲಿಗೆ ಅನ್ನುವುದು ಮುಂದಿನ ಎಣಿಕೆ ನೋಡಿದ ಮೇಲೆ. ನಿಮ್ಮ ಹೊಳೆಗಂತೂ ಬೇಕಾಗಿಲ್ಲ, ಬಿಡಿ.

ಅವನಿಗೆ ಸಿಟ್ಟು ನೆತ್ತಿಗೇರಿತು. ಪೇಟೆಯ ಅರ್ಧ ಕೊಳಕನ್ನು ಹೊತ್ತು ತಂದು ಅವನ ದಂಡೆಯ ಪಕ್ಕದಲ್ಲೇ ಕಡಲಿಗೆ ಸುರಿಯುವುದು ಆ ಹೊಳೆ. ಸತ್ತ ನಾಯಿಯಿಂದ ಹಿಡಿದು ಆಸ್ಪತ್ರೆಯ ಸೂಜಿಯವರೆಗೆ ಎಲ್ಲವನ್ನೂ ಅವನು ಕೈಯಾರೆ ಎತ್ತಿದ್ದಾನೆ. ಮೇಜು ಗುದ್ದಿ ಕೇಳಿದ, "ಯಾರ್ರೀ ಹೇಳಿದ್ದು ಬೇಡ ಅಂತ? ಒಂದು ದಿನ ಬಂದು ನೋಡಿದ್ದಾನಾ ಅವನು?"

ಮೇಡಂ ಕೋಪಿಸಿಕೊಳ್ಳಲಿಲ್ಲ. ಫೈಲು ತೆಗೆದು ಹನ್ನೆರಡು ಫಾರಮ್ಮುಗಳನ್ನು ಅವನ ಮುಂದೆ ಹರಡಿದರು. "ನೀವೇ ಹೇಳಿದ್ದು. ನಿಮ್ಮ ಕೈಬರಹವೇ ತಾನೆ?"

ಹೌದು, ಅವನದೇ. ದುಂಡಗಿನ ಅಂಕಿಗಳು. ಇಪ್ಪತ್ತಾರು, ಹದಿನೆಂಟು, ಮೂವತ್ತೊಂದು. ಬೇರೆ ದಂಡೆಯವರದು ಸಾವಿರದ ಮೇಲೆ. ಎಣಿಕೆಯ ದಿನ ಅವನಿಗೆ ಸಿಗುತ್ತಿದ್ದುದು ಒಂದು ರಾತ್ರಿಯ ಕಸ ಮಾತ್ರ. ಉಳಿದ ಎಂಬತ್ತೊಂಬತ್ತು ದಿನದ್ದು ಬುಟ್ಟಿಗೆ ಹೋಗಿತ್ತು. ಎದ್ದು ಬಂದ.

ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ, "ಬಾಯಿ ಹೊಲ್ಕೊಂಡು ಸುಮ್ನಿರು. ಹೇಳಿದ್ರೆ ಇರೋ ಕೆಲಸಾನೂ ಹೋಗತ್ತೆ. ಆಮೇಲೆ ಆ ಮನೇಲಿ ಒಬ್ನೇ ಕೂತು ಗೋಡೆ ಎಣಿಸ್ತೀಯಾ?" ಅಂದಳು.

ಮೂರನೇ ದಿನ ಆಫೀಸಿಗೆ ಹೋಗಿ ಹೇಳಿದ. ಬುಟ್ಟಿಯನ್ನೂ ಒಯ್ದು ಮೇಜಿನ ಮೇಲಿಟ್ಟ, ಕಳ್ಳಮಾಲು ಒಪ್ಪಿಸಿದ ಹಾಗೆ. ಮೇಡಂ ಕೆಂಪು ಪೆನ್ನು ತೆಗೆದು ಹನ್ನೆರಡೂ ಫಾರಮ್ಮುಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆದರು. ಕೆಲಸದಿಂದ ತೆಗೆಯಬೇಕು, ಆದರೆ ತಾನಾಗಿ ಬಂದು ಹೇಳಿದ್ದಕ್ಕೆ ಇದೊಂದು ಎಣಿಕೆ ನೋಡುತ್ತೇನೆ ಅಂದರು. ಬೇಲಿ ಬೇಕಿದ್ದರೆ ತೊಂಬತ್ತು ದಿನ ಮುಟ್ಟುವ ಹಾಗಿಲ್ಲ. "ಆಗತ್ತಾ ನಿಮ್ಮಿಂದ?"

"ಆಗಲ್ಲ," ಅಂದ ಅವನು. ಬುಟ್ಟಿ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಆದ್ರೂ ಮಾಡ್ತೀನಿ."

ಮೊದಲ ವಾರ ದಂಡೆಗೇ ಹೋಗಲಿಲ್ಲ. ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ ಕೂತ. ಆ ಏಳು ದಿನ ಅವನು ಯಾರ ಜೊತೆಯೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ನಿಂತು ಅವಳಿಗೆ ಏನಾದರೂ ಹೇಳೋಣವೆಂದರೆ ಮಾತು ಹೊರಡುತ್ತಿರಲಿಲ್ಲ. ಮಾತು ಬರುತ್ತಿದ್ದುದು ಬಗ್ಗಿದಾಗಲೇ, ಕೈಗೆ ಕೆಲಸವಿದ್ದಾಗಲೇ ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಎಂಟನೇ ದಿನ ತಡೆಯಲಾಗದೆ ಹೋದ. ಕೈ ತಾನಾಗಿ ಕೆಳಗೆ ಹೋಗುತ್ತದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದ. ಟೀ ಅಂಗಡಿಯಲ್ಲಿ ಕೂತವರಿಗೆ ಇದೂ ಸಿಕ್ಕಿತು. ಹೆಕ್ಕುವಾಗ ಹುಚ್ಚ ಅಂದವರೇ ಈಗ ಸೋಮಾರಿ ಅಂದರು. "ಏನ್ ಲೆಕ್ಕದಣ್ಣ, ಇನ್ಸ್‌ಪೆಕ್ಟರ್ ಆಗಿಬಿಟ್ಯಾ? ಕೈಕಟ್ಕೊಂಡು ರೌಂಡ್ಸ್ ಹೊಡೀತಾ ಇದೀಯ," ಅಂತ ಒಬ್ಬ ಕೂಗಿದ. ಕುಡಿದ ಪ್ಲಾಸ್ಟಿಕ್ ಲೋಟವನ್ನು ಅವನ ಕಣ್ಣೆದುರೇ ಮರಳಿಗೆ ಬಿಸಾಡಿದ. ಬೇರೆ ದಿನವಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಅವತ್ತು ಲೋಟ ಬಿದ್ದ ಜಾಗ ನೋಡಿಕೊಂಡು ಮುಂದೆ ಹೋದ.

ಕಸ ಏರುತ್ತಾ ಬಂತು. ತಿಂಗಳಿಗೆ ಮರಳು ಕಾಣದಾಯಿತು, ಎರಡು ತಿಂಗಳಿಗೆ ಮನೆಯೊಳಗೂ ನಾತ. ಒಂದು ಬೆಳಿಗ್ಗೆ ಬಾಟಲಿಯೊಳಗೆ ಏಡಿಯೊಂದು ಸಿಕ್ಕಿಬಿದ್ದು ಗೀರುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಂತ. ಕೊನೆಗೆ ಮೊಣಕಾಲೂರಿ, ಚಾಕುವಿನಿಂದ ಬಾಟಲಿ ಸೀಳಿ ಏಡಿಯನ್ನು ಬಿಟ್ಟ. ಬಾಟಲಿಯನ್ನು ಮರಳಲ್ಲಿ ಮೂಡಿದ್ದ ಅದರದೇ ಅಚ್ಚಿನೊಳಗೆ ವಾಪಸ್ಸು ಇಟ್ಟ. ಎದ್ದಾಗ ಎರಡು ತಿಂಗಳ ಮೇಲೆ ಹೆಂಡತಿಗೆ ಹೇಳುವ ಮೊದಲ ಮಾತು ಬಾಯಿಂದ ಬಂತು. "ಬೈಬೇಡ ಕಣೇ," ಅಂದ. "ಇನ್ನು ಇಪ್ಪತ್ತೆರಡು ದಿನ."

ತೊಂಬತ್ತನೇ ದಿನ ನಸುಕಿಗೇ ಬುಟ್ಟಿ ಹಿಡಿದು ಇಳಿದ. ಮುಗಿಯುವಾಗ ಸಂಜೆಯಾಗಿತ್ತು. ನಲವತ್ತಮೂರು ಚೀಲ, ಐದು ಸಾವಿರದ ಇನ್ನೂರ ಹದಿನಾರು. ಟೀ ಲೋಟವೂ ಅದರಲ್ಲಿತ್ತು. ಚಪ್ಪಲಿ ಐವತ್ತೆರಡು, ಅದರಲ್ಲಿ ಬಲಗಾಲಿನವು ಮೂರೇ. ಒಂದಕ್ಕೂ ಜೊತೆ ಇರಲಿಲ್ಲ. ಗೋಡೆಯ ಮೇಲಿಡಲು ಒಂದನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಚೀಲಕ್ಕೆ ಹಾಕಿದ.

ಬೇಲಿ ಈ ಹೊಳೆಗೆ ಬರುತ್ತದೋ ಇಲ್ಲವೋ, ಅದನ್ನು ಮೇಲಿನವರು ಹೇಳಬೇಕು. ಬಂದರೂ ಬಾರದಿದ್ದರೂ ಎಣಿಸುವವನಿಗೆ ಬುಟ್ಟಿಯಿಲ್ಲ. ನಾಳೆಯಿಂದ ಮತ್ತೆ ತೊಂಬತ್ತು ದಿನ, ಅದರ ಮೇಲೆ ಇನ್ನೂ ತೊಂಬತ್ತು. ಅವನು ಕಂಬಕ್ಕೆ ಬೆನ್ನು ಕೊಟ್ಟು ಕೂತು, ಅಂಕಿಗಳನ್ನೆಲ್ಲ ಇನ್ನೊಮ್ಮೆ ಕೂಡಿ ನೋಡಿದ. ನೋಡಿ, ಯಾವತ್ತೂ ಖಾಲಿ ಬಿಡುತ್ತಿದ್ದ ಷರಾ ಮನೆಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದ: ಈ ಸಲ ಯಾರೂ ಹೆಕ್ಕಿಲ್ಲ.