ಕೀಲಿಯಜ್ಜನ ಅಂಗಿಯ ಬಾಲ

ಕೀಲಿಯಜ್ಜನಿಗೆ ಊದದೆ ಕೆಲಸ ಬರುತ್ತಿರಲಿಲ್ಲ. ಅರ ಹಿಡಿದು ಕೀಲಿಯ ಹಲ್ಲನ್ನು ನಾಲ್ಕು ಸಲ ಉಜ್ಜಬೇಕು, ತುಟಿ ಚೂಪು ಮಾಡಿ ‘ಉಫ್’ ಅಂತ ಹಿತ್ತಾಳೆ ಪುಡಿ ಹಾರಿಸಬೇಕು, ಬೆಳಕಿಗೆ ಹಿಡಿದು ನೋಡಬೇಕು, ಮತ್ತೆ ಉಜ್ಜಬೇಕು. ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ಒಂದು ಪೆಟ್ಟಿಗೆ, ಒಂದು ಸ್ಟೂಲು ಹಾಕಿಕೊಂಡು ಹೀಗೆ ಉಜ್ಜಿ ಊದಿ, ಉಜ್ಜಿ ಊದಿ ತಲೆ ಬೆಳ್ಳಗಾಗಿತ್ತು. ಮನೆಯಲ್ಲಿ ತಣ್ಣೀರನ್ನೂ ಊದಿಯೇ ಕುಡಿಯುತ್ತಿದ್ದ.

“ನಿಮ್ಮ ಬಾಯಿಗೆ ಒಂದು ಬೀಗ ಹಾಕಿಸ್ಬೇಕು ಕಣ್ರೀ,” ಅನ್ನುತ್ತಿದ್ದಳು ಹೆಂಡತಿ.

“ಹಾಕ್ಸು. ಕೀಲಿ ನಾನೇ ಮಾಡ್ಕೋತೀನಿ.”

ಹೆಂಡತಿಯನ್ನು ಬೀದಿಯವರೆಲ್ಲ ತೇಪೆಯಮ್ಮ ಅಂತ ಕರೆಯುತ್ತಿದ್ದರು. ವಯಸ್ಸಿದ್ದಾಗ ಅವಳು ಒಂದು ದೊಡ್ಡ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಕೂತು ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುತ್ತಿದ್ದಳು. ಮಲಗಿದವರ ಬೆನ್ನಿಗೆ ಗೊತ್ತಾಗಬಾರದು, ಹಾಗೆ. ಆ ಕೈ ಇನ್ನೂ ಹಾಗೇ ಇತ್ತು, ಕಣ್ಣು ಮಾತ್ರ ದಾರ ಪೋಣಿಸುವಾಗ ಸ್ವಲ್ಪ ಆಟ ಆಡಿಸುತ್ತಿತ್ತು. ಅವಳ ಲೆಕ್ಕದಲ್ಲಿ ಬಟ್ಟೆಗೆ ಸಾವೇ ಇಲ್ಲ. ಹೊದಿಕೆ ಹರಿದರೆ ದಿಂಬಿನ ಚೀಲ, ಅದು ಹರಿದರೆ ಕೈ ಒರೆಸುವ ಬಟ್ಟೆ, ಅದೂ ಹರಿದರೆ ಗಂಡನ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ. ಮಂಚದ ಕೆಳಗೆ ಚಿಂದಿಯ ಗಂಟೊಂದು ಸಾಕಿದ ಬೆಕ್ಕಿನ ಹಾಗೆ ಸದಾ ಬಿದ್ದಿರುತ್ತಿತ್ತು.

ಹೀಗಿರುವಾಗ ಊರಿಗೆಲ್ಲ ಆ ಕೆಮ್ಮಿನ ಕಾಯಿಲೆ ಬಂತು. ಮೂಗು ಬಾಯಿ ಮುಚ್ಚದವರಿಗೆ ಮಾರ್ಕೆಟ್ಟಿನೊಳಗೆ ಜಾಗವಿಲ್ಲ ಅಂತ ಸೂಪರ್‌ವೈಸರು ಹೇಳಿಬಿಟ್ಟ. ಕೀಲಿಯಜ್ಜ ಮಾಸ್ಕು ಹಾಕಿಕೊಂಡೇ ಹೋದ. ಆದರೆ ಊದಬೇಕಲ್ಲ! ಪ್ರತಿ ಸಲ ಅದನ್ನು ಗಲ್ಲಕ್ಕೆ ಎಳೆದು ‘ಉಫ್’ ಅಂದ. ಸೂಪರ್‌ವೈಸರು ನೋಡಿ ಒಂದು ಸಲ ಗದರಿದ, ಇನ್ನೊಂದು ಸಲ ಬೈದ, ಆಮೇಲೆ ತಣ್ಣಗೆ ಹೇಳಿದ: “ಅಜ್ಜಾ, ಇನ್ನೊಂದ್ಸಲ ಬಾಯಿ ಕಂಡ್ರೆ ಪೆಟ್ಟಿಗೆ ಎತ್ತಿಸ್ತೀನಿ. ಈ ಜಾಗಕ್ಕೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ.”

ಅಂದು ಸಂಜೆ ಮನೆಗೆ ಬಂದವನು ನೀರನ್ನು ಊದದೆ ಕುಡಿದ. ತೇಪೆಯಮ್ಮ ಕೇಳಿ ಕೇಳಿ ವಿಷಯ ಹೊರಡಿಸಿದಳು. ಆ ಮೆಟ್ಟಿಲ ಕೆಳಗಿನ ಮೂಲೆ ಹೋದರೆ ಈ ಮನುಷ್ಯ ಮನೆಯ ಮೂಲೆ ಹಿಡಿಯುತ್ತಾನೆ, ಮೂಲೆ ಹಿಡಿದರೆ ಏಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

“ಇರಿ, ಬಾಯಿ ಕಾಣದ ಹಾಗೆ, ಉಸಿರು ಕಟ್ಟದ ಹಾಗೆ ನಾನೇ ಒಂದು ಹೊಲಿದು ಕೊಡ್ತೀನಿ,” ಅಂತ ಗಂಟು ಬಿಚ್ಚಿದಳು.

ಮೊದಲನೆಯದು ಕಿಟಕಿ ಪರದೆಯದು. ಹಾಕಿಕೊಂಡ ಅಜ್ಜನಿಗೆ ಮೂಟೆಯೊಳಗೆ ಸಿಕ್ಕಿದ ಇಲಿಯ ಹಾಗಾಯಿತು. ಎರಡನೆಯದು ದಿಂಬಿನ ಚೀಲದ್ದು. ಉಸಿರೇನೋ ಆಡಿತು, ಆದರೆ ಆಡಿದ ಉಸಿರೆಲ್ಲ ಮೂಗಿನ ಪಕ್ಕದಿಂದ ಮೇಲೆ ಹೋಗಿ ಕನ್ನಡಕದ ಮೇಲೆ ಮಂಜಾಗಿ ಕೂತಿತು. ಮಂಜಿನಲ್ಲೇ ಉಜ್ಜಿ ಉಜ್ಜಿ ಯಾರದೋ ಬಾಗಿಲ ಕೀಲಿಯ ಹಲ್ಲೆಲ್ಲ ಉದುರಿಸಿಬಿಟ್ಟ.

“ಕೀಲೀನೂ ನಿಮ್ಮ ವಯಸ್ಸಿಗೆ ಬಂತಲ್ಲ,” ಅಂದ ಪಕ್ಕದ ವಾಚ್ ರಿಪೇರಿಯವನು. ಅವನಿಗೆ ಕೈಯಲ್ಲಿ ಕೆಲಸವಿಲ್ಲದಾಗ ನಾಲಿಗೆಯಲ್ಲಿ ಕೆಲಸ.

ಮಂಜಿಗೆ ಮದ್ದು ತೇಪೆಯಮ್ಮನಿಗೆ ಹೊಳೆಯಿತು. ಅಜ್ಜ ಕೀಲಿಗಳನ್ನು ಪೋಣಿಸುವ ಮೆತ್ತನೆ ತಂತಿಯ ಒಂದು ತುಂಡನ್ನು ಮೂಗಿನ ಮೇಲಿನ ಮಡಿಕೆಯಲ್ಲಿ ಇಟ್ಟು ಹೊಲಿದು, ಮೂಗಿಗೆ ಒತ್ತಿ ಬಗ್ಗಿಸಿದರೆ ಆಯಿತು. ಕಿವಿಗೆ ಹಳೆಯ ಕಾಲುಚೀಲದ ಬಾಯಿಯ ಎಲಾಸ್ಟಿಕ್ಕು. ಊದುವ ಬದಲು ಪುಡಿ ಗುಡಿಸುವುದಕ್ಕೆ ಸವೆದ ಹಲ್ಲುಜ್ಜುವ ಬ್ರಶ್ಶು. ಉಳಿದಿದ್ದು ಬಟ್ಟೆ. ತೆಳ್ಳಗಿರಬೇಕು, ಒತ್ತಾಗಿ ನೇಯ್ದಿರಬೇಕು, ಒಗೆದು ಒಗೆದು ಬೆಣ್ಣೆಯಾಗಿರಬೇಕು. ಗಂಟು ಪೂರಾ ಹುಡುಕಿದಳು. ಇರಲಿಲ್ಲ. ತಲೆಯೆತ್ತಿದರೆ, ಹಗ್ಗದ ಮೇಲೆ ಅಂಥ ಬಟ್ಟೆ ಒಣಗುತ್ತಿತ್ತು.

ಅದು ಅಜ್ಜನ ನೀಲಿ ಗೆರೆಯ ಅಂಗಿ. ಅವನಿಗೆ ಮೆಟ್ಟಿಲ ಕೆಳಗಿನ ಜಾಗ ಸಿಕ್ಕಿದ ವರ್ಷ, ಕೀಲಿಗಳ ಭಾರಕ್ಕೆ ಹರಿಯದಿರಲಿ ಅಂತ ತೇಪೆಯಮ್ಮನೇ ಅದಕ್ಕೆ ಎರಡು ಪದರದ ಆಳವಾದ ಜೇಬು ಹೊಲಿದಿದ್ದಳು. ಕಾಲರು ಹೋದರೂ, ಮೊಣಕೈ ಹೋದರೂ ಅವನು ಆ ಅಂಗಿಯನ್ನು ಗಂಟಿಗೆ ಸೇರಿಸಲು ಬಿಟ್ಟವನಲ್ಲ. “ನಾನು ಹೋದ್ಮೇಲೆ ತಗೋ,” ಅನ್ನುತ್ತಿದ್ದ.

ಅವಳು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹಿಂದಿನ ಬಾಲ! ದಿನಾ ಪ್ಯಾಂಟಿನೊಳಗೆ ಸಿಕ್ಕಿಸುವ ಭಾಗ. ಅದನ್ನು ಕಂಡವರು ಯಾರು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳು ಕಣ್ಣು ಅರೆಮುಚ್ಚಿ ಕತ್ತರಿ ಆಡಿಸಿದಳು. ಅಂಗಿಯ ಅಂಚನ್ನು ಮಡಿಸಿ ಹೊಲಿದು, ಏನೂ ಆಗಿಲ್ಲವೆಂಬಂತೆ ಹಗ್ಗಕ್ಕೆ ಹಾಕಿದಳು. ಗೆರೆಯ ಗುರುತು ಸಿಗದಿರಲಿ ಅಂತ ಬಾಲದ ಬಟ್ಟೆಯನ್ನು ಮಂಕಾದ ಒಳಮೈ ಹೊರಗೆ ಬರುವಂತೆ ಎರಡು ಪದರ ಮಾಡಿದಳು. ಬಾಯಿಯ ಮುಂದೆ ಜಾಗ ಉಳಿಯಲಿ ಅಂತ ಅಡ್ಡಕ್ಕೆ ನೆರಿಗೆ ಹಿಡಿದು, ಎಳೆಎಳೆಯಾಗಿ ಕೈಯಲ್ಲೇ ಹೊಲಿದು ಮುಗಿಸಿದಳು.

ಬೆಳಿಗ್ಗೆ ಅದೇ ಅಂಗಿ ತೊಟ್ಟು ಮಾಸ್ಕು ಹಾಕಿಕೊಂಡ ಅಜ್ಜನ ಕಣ್ಣರಳಿತು. “ಆಹಾ! ಎಲ್ಲಿ ಸಿಕ್ತೇ ಈ ಬಟ್ಟೆ? ಮುಖಕ್ಕೆ ಮೊದಲೇ ಪರಿಚಯ ಇರೋ ಹಾಗಿದೆ!”

“ಗಂಟಲ್ಲಿ ಬೇಕಾದಷ್ಟಿದೆ. ಹೊತ್ತಾಯ್ತು, ಹೊರಡಿ,” ಅಂದಳು ಅವಳು, ಒಲೆ ಕಡೆ ಮುಖ ಮಾಡಿ. “ಮತ್ತೆ, ಜಾಸ್ತಿ ಬಗ್ಗಬೇಡಿ.”

“ಯಾಕೆ?”

“ಸೊಂಟಕ್ಕೆ ಒಳ್ಳೇದಲ್ಲ.”

ಅವತ್ತಿಡೀ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೂಜಿಗೆ ದಾರ ಹೋಗಲಿಲ್ಲ. ಸಂಜೆ ಬಾಗಿಲಲ್ಲಿ ಅಜ್ಜನ ಚಪ್ಪಲಿ ಸದ್ದಾದಾಗ ಕತ್ತರಿಯನ್ನು ದಿಂಬಿನಡಿಗೆ ತಳ್ಳಿದಳು.

ಅಜ್ಜ ಒಳಗೆ ಬಂದು ಮಂಚದ ತುದಿಗೆ ಕೂತ. ಮಾಸ್ಕು ಬಿಚ್ಚಿ ತೊಡೆಯ ಮೇಲೆ ಹರಡಿ, ನಿಧಾನಕ್ಕೆ ಹೇಳಿದ:

“ಬೆಳಿಗ್ಗೆ ಆ ಸೂಪರ್‌ವೈಸರು ಕಂಬದ ಹಿಂದೆ ಅಡಗಿ ನಿಂತಿದ್ದ, ನನ್ನ ಹಿಡಿಯೋಕೆ. ನನಗೋ ಬಾಯಿ ಸುಮ್ನಿರುತ್ತಾ? ಬ್ರಶ್ಶಲ್ಲಿ ಗುಡಿಸ್ತಾ ಗುಡಿಸ್ತಾ ‘ಉಫ್’ ಅಂದೇಬಿಟ್ಟೆ. ‘ಸಿಕ್ಕಿಬಿದ್ದೆ ಅಜ್ಜಾ!’ ಅಂತ ಹಾರಿಬಂದ. ನೋಡಿದ್ರೆ ಮಾಸ್ಕು ಮೂಗಿನ ಮೇಲೇ ಇದೆ, ನೆರಿಗೆಯೆಲ್ಲ ಬಿಚ್ಚಿ ಕಪ್ಪೆ ಗಂಟಲ ಹಾಗೆ ಉಬ್ಬಿದೆ! ನಗು ತಡೆಯೋಕಾಗ್ದೆ ಅಲ್ಲೇ ಕೂತ.”

“ಹಾಗಾದ್ರೆ ಜಾಗ?”

“ಜಾಗ ಎಲ್ಲಿಗೆ ಹೋಗುತ್ತೆ? ‘ಕೂತ್ಕೊಳಜ್ಜಾ, ಊದ್ಕೋ’ ಅಂದ.”

ತೇಪೆಯಮ್ಮ ದೊಡ್ಡದಾಗಿ ಉಸಿರುಬಿಟ್ಟಳು. ಅಜ್ಜ ನಿಲ್ಲಿಸಲಿಲ್ಲ.

“ಆಮೇಲೆ ಒಂದು ಕೀಲಿ ಕೆಳಗೆ ಬಿತ್ತು. ಬಗ್ಗಿದೆ.”

ಅವಳ ಉಸಿರು ಹೋದಷ್ಟೇ ಬೇಗ ವಾಪಸು ಬಂತು.

“ಬೆನ್ನಿಗೆ ತಣ್ಣಗೆ ಗಾಳಿ ಬಡೀತು. ವಾಚಿನವನು ಕೇಳ್ದ, ‘ಅಜ್ಜಾ, ಅಂಗಿಗೆ ಹಿಂದೆ ಕಿಟಕಿ ಇಡ್ಸಿದೀರಾ?’ ಅಂತ. ಮುಟ್ಟಿ ನೋಡ್ಕೊಂಡೆ. ಬಾಲ ಇಲ್ಲ!”

“ರೀ…”

“ಕೇಳಿದ್ರೆ ನಾನು ಕೊಡ್ತಿದ್ನಾ?”

“ಪ್ರಾಣ ಹೋದ್ರೂ ಕೊಡ್ತಿರ್ಲಿಲ್ಲ.”

“ಅದೇ ಮತ್ತೆ. ಕೇಳದೇ ಇದ್ದದ್ದು ಒಳ್ಳೇದಾಯ್ತು.” ಎದ್ದು ನಿಂತು ಅಂಗಿಯ ಮುಂದಿನ ಬಾಲವನ್ನು ಪ್ಯಾಂಟಿನಿಂದ ಎಳೆದು ಹಿಡಿದ. “ಎಲ್ಲಿ ನಿನ್ನ ಕತ್ತರಿ? ಆ ಸೂಪರ್‌ವೈಸರಿಗೂ ಒಂದು ಬೇಕಂತೆ. ಅವನಿಗೂ ಕನ್ನಡಕ ಇದೆಯಲ್ಲ, ಪಾಪ.”

ತೇಪೆಯಮ್ಮ ದಿಂಬಿನಡಿಗೆ ಕೈ ಹಾಕಿದಳು.

“ಜೇಬಿನ ಹತ್ರ ಮಾತ್ರ ಬರಬೇಡ,” ಅಂದ ಅಜ್ಜ, ಎಡಗೈಯಲ್ಲಿ ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡು.

“ಅದನ್ನ ಹೊಲಿದೋಳು ನಾನು. ನೆಟ್ಟಗೆ ನಿಂತ್ಕೊಳ್ಳಿ, ಹೊಟ್ಟೆ ಒಳಗೆ ಎಳ್ಕೊಳ್ಳಿ,” ಅಂದಳು ಅವಳು.

ಅಜ್ಜ ಹೊಟ್ಟೆ ಎಳೆದುಕೊಂಡ. ಕತ್ತರಿಯ ತುದಿಯಲ್ಲಿ ದಾರದ ಚೂರೊಂದು ಅಂಟಿತ್ತು. ಅದನ್ನು ನೋಡಿದವನೇ ಬಗ್ಗಿ ‘ಉಫ್’ ಅಂದ.